ಖಾಲಿ ಪೆಟ್ಟಿಗೆಗಳಿಗೆ ಮೊದಲ ಪಾಳಿ

ಹೊರ್ತಿಯಲ್ಲಿ ಹೆದ್ದಾರಿಯಿಂದ ಕೂಗಳತೆ ದೂರಕ್ಕೆ ಶಂಕರೆಪ್ಪ ಸಾಹುಕಾರರ ಕಣ ಇದೆ. ಕಲ್ಲು ಹಾಸಿದ, ಅಂಗೈಯಷ್ಟು ಸಪಾಟಾದ ಹಳೆಯ ಕಣ. ಅವರ ಅಜ್ಜನ ಕಾಲದಲ್ಲಿ ಅಲ್ಲಿ ಎತ್ತು ಕಟ್ಟಿ ಜೋಳ ತುಳಿಸುತ್ತಿದ್ದರಂತೆ. ರಾಶಿ ಮಾಡುವ ಮಷೀನು ಬಂದು ಹೊಲದಲ್ಲೇ ಕಾಳು ಚೀಲಕ್ಕೆ ಬೀಳತೊಡಗಿದ ಮೇಲೆ ಅಲ್ಲಿ ಹುಡುಗರು ಕ್ರಿಕೆಟ್ ಆಡಿದರು, ನಾಯಿಗಳು ಮಲಗಿದವು. ಕಣ ಖಾಲಿ ಬಿದ್ದರೆ ಮನೆತನಕ್ಕೆ ಒಳ್ಳೆಯದಲ್ಲ ಎಂಬುದು ಸಾಹುಕಾರರ ನಂಬಿಕೆ. ಅದಕ್ಕೇ ನಮ್ಮ ಗುರವ್ವಕ್ಕ ಹೋಗಿ ಕೇಳಿದಾಗ ಬಾಡಿಗೆಯ ಮಾತೇ ಎತ್ತದೆ ಬಿಟ್ಟುಕೊಟ್ಟರು. ಕರಾರು ಒಂದೇ. ಯಾವ ಸುಗ್ಗಿಯಲ್ಲಿ ಕಣ ಖಾಲಿ ಬೀಳುತ್ತದೋ ಆ ಸುಗ್ಗಿಗೆ ಅದು ತಿರುಗಿ ಅವರದು. ಪ್ಲಾಟು ಮಾಡಿ ಮಾರಿದರೂ ಯಾರೂ ಕೇಳುವಂತಿಲ್ಲ. ಹೆದ್ದಾರಿ ಪಕ್ಕದ ಜಾಗ ಅಂದಮೇಲೆ ಕೊಳ್ಳುವವರಿಗೇನು ಬರವೇ? ಪೆಟ್ರೋಲ್ ಪಂಪು ಹಾಕುತ್ತೇವೆ ಎಂದು ಸೊಲ್ಲಾಪುರದಿಂದ ಒಬ್ಬರು ಪ್ರತಿ ವರ್ಷ ಬಂದು ಚಹಾ ಕುಡಿದು ಹೋಗುತ್ತಿದ್ದರು.

ಗುರವ್ವಕ್ಕ ನಮ್ಮ ಮಹಿಳಾ ಸಂಘದ ಯಜಮಾನಿ. ಐವತ್ತು ದಾಟಿದ ಹೆಣ್ಣುಮಗಳು, ಮನೆ ಹಿಂದೆ ಒಂದಿಷ್ಟು ಲಿಂಬೆಗಿಡ ಇಟ್ಟುಕೊಂಡಾಕೆ. ಆಕೆ ಗುಟ್ಟಾಗಿ ಹೇಳಿದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತದೆ. ಕಣದಲ್ಲಿ ನಾವು ಮಾಡುವುದು ಒಣ ಲಿಂಬೆ. ಇಂಡಿ ತಾಲೂಕಿನವರಿಗೆ ಲಿಂಬೆ ಹೊಸದಲ್ಲ, ಅದನ್ನು ಒಣಗಿಸುವುದು ಹೊಸದು. ಈ ವಿದ್ಯೆ ತಂದವರು ಫಕೀರಸಾಬ ಚಾಚಾ. ಮಸ್ಕತ್ತಿನಲ್ಲಿ ಬಹಳ ವರ್ಷ ಅಡುಗೆ ಮಾಡಿಕೊಂಡಿದ್ದು ಊರಿಗೆ ಬಂದು ಟೆಂಪೋ ಇಟ್ಟಿದ್ದರು. ಅರಬರು ಪ್ರತಿ ಅಡುಗೆಗೂ ಒಂದು ಕಪ್ಪನೆಯ ಒಣ ಲಿಂಬೆ ಹಾಕುತ್ತಾರೆ, ನಮ್ಮಲ್ಲಿ ಹಸಿ ಲಿಂಬೆ ಕೊಳೆತು ತಿಪ್ಪೆಗೆ ಹೋಗುತ್ತದೆ, ಎಂದು ಹೇಳಿಹೇಳಿ ಮಗಳು ಮೆಹರುನ್ನಿಸಾಗೆ ಕಲಿಸಿದರು. ಆಕೆ ನಮಗೆ ಕಲಿಸಿದಳು. ಸಣ್ಣ ಕಾಯಿ ಆರಿಸಿ ಉಪ್ಪುನೀರಿನಲ್ಲಿ ಒಂದು ಕುದಿ ತೆಗೆದು ಕಣದಲ್ಲಿ ಹರವಬೇಕು. ಬಿಸಿಲು ಒಂದೇ ಮಗ್ಗುಲಿಗೆ ಬೀಳದಂತೆ ದಿನಾ ಕೈಯಾಡಿಸಬೇಕು. ಒಣಗಿದ ಲಿಂಬೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಿಲಿಗಿಲಿ ಅನ್ನಬೇಕು. ಅನ್ನದಿದ್ದರೆ ಗುರವ್ವಕ್ಕ ಅದನ್ನು ವಾಪಸ್ ಕಣಕ್ಕೆ ಎಸೆಯುತ್ತಿದ್ದಳು, ಎಸೆಯುವಾಗ ಹರವಿದವಳ ತವರುಮನೆಯನ್ನೂ ಒಂದು ಮಾತು ವಿಚಾರಿಸಿಕೊಳ್ಳುತ್ತಿದ್ದಳು.

ನಾನು ವಿಜಯಲಕ್ಷ್ಮಿ. ಸ್ಟ್ಯಾಂಡಿನಲ್ಲಿ ಹೊಲಿಗೆ ಅಂಗಡಿ, ಜೊತೆಗೆ ಮೊಬೈಲ್ ರೀಚಾರ್ಜು. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿಕೇಳಿ ಬಂದ ಇಂಗ್ಲಿಷು ನನ್ನದು. ಅದನ್ನೇ ನಂಬಿ ಸಂಘದವರು ಹೊರಗಿನವರ ಜೊತೆ ಮಾತಾಡುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟಿಸುವುದಷ್ಟೇ. ದಾಟಿಸುವವಳಿಗೆ ಸಿಟ್ಟು ಬರಬಾರದು ಅನ್ನುತ್ತಾರೆ. ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಜರ್ಮನಿಯ ಒಂದು ಚಹಾ ಕಂಪನಿಗೆ ನಮ್ಮ ಲಿಂಬೆ ಬೇಕಾಯಿತು. ಸೊಪ್ಪು, ಹೂವು, ಸಿಪ್ಪೆ ಬೆರೆಸಿ ಡಬ್ಬಿಯಲ್ಲಿ ಮಾರುವ ಚಹಾ ಅವರದು. ಲಾಕ್‌ಡೌನ್ ತಂದ ಆ ರೋಗ ಬರುವುದಕ್ಕೆ ಹಿಂದಿನ ವರ್ಷ ಅವರ ಕಡೆಯಿಂದ ಹೆನ್ನಿಂಗ್ ಎಂಬುವನು ಹೊರ್ತಿಗೆ ಬಂದ. ಉದ್ದನೆಯ ಆಳು, ನಕ್ಕರೆ ಕಿವಿ ಕೆಂಪಾಗುತ್ತಿದ್ದವು. ಎರಡೇ ದಿನದಲ್ಲಿ ಅವನ ಹೆಸರು ನಮ್ಮ ಹೆಂಗಸರ ಬಾಯಲ್ಲಿ ಹೊನ್ನಪ್ಪ ಆಯಿತು. ಕಣದಲ್ಲೇ ಕೂತು ಜೋಳದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ ಉಂಡ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಖಾರಕ್ಕೆ ಕಣ್ಣೀರು ಹಾಕಿದ, ಮತ್ತೆ ಬೇಡಿ ಹಾಕಿಸಿಕೊಂಡ. ಗುರವ್ವಕ್ಕ ಲಿಂಬೆ ಅಲ್ಲಾಡಿಸಿ ಕಿವಿಗಿಡುವುದನ್ನು ಕ್ಯಾಮೆರಾದಲ್ಲಿ ಹಿಡಿದ. ಹೋಗುವಾಗ ಅವಳ ಕೈ ಹಿಡಿದು, ಕೊಳ್ಳುವವರು ಮಾರುವವರು ಎಂಬುದು ಬೇಡ, ಇನ್ನು ಮೇಲೆ ನಾವು ಒಂದೇ ಮನೆಯವರು, ಎಂದ. ಇದ್ದದ್ದನ್ನು ಇದ್ದಂತೆ ದಾಟಿಸಿದೆ. ಅವನು ಮನಸ್ಸಿನಿಂದಲೇ ಹೇಳಿದ, ಗುರವ್ವಕ್ಕ ಮನಸ್ಸಿನಿಂದಲೇ ಕೇಳಿಸಿಕೊಂಡಳು. ಯಡವಟ್ಟು ಆದದ್ದೇ ಅಲ್ಲಿ. ಒಂದೇ ಮನೆಯವರು ಅಂದರೆ ಹೊರ್ತಿಯಲ್ಲಿ ಮುಯ್ಯಿ ಶುರುವಾಯಿತು ಎಂದೇ ಅರ್ಥ.

ಮುಯ್ಯಿಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಮದುವೆಯಾದರೆ ನಾನು ಸೀರೆ ತಂದು ಹಾಕುತ್ತೇನೆ, ನಿಮ್ಮ ಹೊಲದಲ್ಲಿ ಆಳು ಸಾಲದಿದ್ದರೆ ಕುಡುಗೋಲು ಹಿಡಿದು ಬರುತ್ತೇನೆ, ನಿಮ್ಮ ಮನೆಯಲ್ಲಿ ಸಾವಾದರೆ ಅಡುಗೆ ಮಾಡಿ ಹೊತ್ತು ತರುತ್ತೇನೆ. ಯಾರೂ ಬರೆದಿಡುವುದಿಲ್ಲ, ಬರೆದಿಟ್ಟರೆ ಅವಮಾನ. ನನ್ನ ಪಾಳಿ ಬಂದಾಗ ನೀವು ಬರುತ್ತೀರಿ, ಅಷ್ಟೇ. ಬಾಯಿಬಿಟ್ಟು ಕೇಳಬೇಕಾದರೆ ಕೇಳಿದವರಿಗೆ ನಾಚಿಕೆ. ಕೇಳಿದ ಮೇಲೂ ಬಾರದವರ ಮನೆಯಲ್ಲಿ ಆಮೇಲೆ ಯಾರೂ ನೀರು ಕುಡಿಯುವುದಿಲ್ಲ.

ಮೊದಲ ಲಾಕ್‌ಡೌನಿನಲ್ಲಿ ನಮ್ಮ ಲಿಂಬೆ ಕಣದಲ್ಲಿ ಅರ್ಧ ಒಣಗಿತ್ತು. ನೆನಪಿದೆಯಲ್ಲ, ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿದರೆ ರೋಗ ಹತ್ತಿರ ಬರುವುದಿಲ್ಲ ಎಂದು ದೇಶಕ್ಕೆ ದೇಶವೇ ನಂಬಿದ್ದು? ಮೊದಲು ಗಾಡಿ ಓಡದೆ ಕಾಯಿ ಗಿಡದಲ್ಲೇ ಹಣ್ಣಾದವು. ಆಮೇಲೆ ಗಾಡಿ ಬಿಟ್ಟ ಕೂಡಲೇ ಹಸಿಯದು, ಒಣಗಿದ್ದು ಎನ್ನದೆ ಬೇಡಿಕೆ ಬಂತು. ಸೊಲ್ಲಾಪುರದ ವ್ಯಾಪಾರಿ ನಮ್ಮ ಒಣ ಲಿಂಬೆಗೆ ಹೊನ್ನಪ್ಪ ಕೊಡುವುದರ ದುಪ್ಪಟ್ಟು ಕೂಗಿದ. ಅದೇ ವಾರ ಹೊನ್ನಪ್ಪನ ವಿಡಿಯೋ ಕರೆ ಬಂತು. ಗಡ್ಡ ಬಿಟ್ಟಿದ್ದ, ಕಣ್ಣು ಒಳಗೆ ಹೋಗಿದ್ದವು. ಅವರ ಕಡೆ ಮನೆಯೊಳಗೇ ಕೂತ ಜನ ಚಹಾ ಕುಡಿಯುವುದು ಹೆಚ್ಚಾಗಿದೆಯಂತೆ, ಅಂಗಡಿಯ ಹಲಗೆಗಳು ಖಾಲಿಯಂತೆ, ಮಾಲು ಬಾರದಿದ್ದರೆ ಫ್ಯಾಕ್ಟರಿ ನಿಲ್ಲುತ್ತದಂತೆ, ತನ್ನ ಕೈಕೆಳಗಿನವರನ್ನು ಮನೆಗೆ ಕಳಿಸಬೇಕಂತೆ. ದಯವಿಟ್ಟು, ಎಂದ. ಆ ಒಂದು ಪದಕ್ಕೆ ನಾನು ಬೇಕಾಗಲಿಲ್ಲ, ಅವನ ಮುಖವೇ ದಾಟಿಸಿತು.

ಗುರವ್ವಕ್ಕ ಸೊಲ್ಲಾಪುರದವನನ್ನು ವಾಪಸ್ ಕಳಿಸಿದಳು. ಶಂಕರೆಪ್ಪ ಸಾಹುಕಾರರು ತಲೆ ಚಚ್ಚಿಕೊಂಡರು. ದುಪ್ಪಟ್ಟು ಬಿಟ್ಟು ಹಳೇ ದರಕ್ಕೆ ಯಾಕೆ ಕೊಡುತ್ತೀ, ಅವನೇನು ನಿನ್ನ ತಮ್ಮನೇ, ಎಂದು ಬೈದರು.

"ಕಣದಾಗ ಕುಂತು ಉಂಡಾನಲ್ರಿ ಸಾವ್ಕಾರ್ರ," ಎಂದಳು ಗುರವ್ವಕ್ಕ. "ಕಷ್ಟದಾಗ ದರಾ ಏರಿಸಿದ್ರ ಅದು ಮುಯ್ಯಿ ಅನಸ್ಕೊಳ್ಳೂದಿಲ್ಲ."

ಮಾಲನ್ನು ಬಂದರಿಗೆ ಒಯ್ದವರು ಫಕೀರಸಾಬ ಚಾಚಾ. ಯಾವ ಡ್ರೈವರೂ ಮುಂಬಯಿ ಕಡೆಗೆ ಹೆಜ್ಜೆ ಇಡುತ್ತಿರಲಿಲ್ಲ. ಚಾಚಾ ಪಾಸು ತೆಗೆದುಕೊಂಡು, ಒಣರೊಟ್ಟಿಯ ಗಂಟು ಕಟ್ಟಿಕೊಂಡು, ಊರೂರಿಗೂ ಅಡ್ಡಗಟ್ಟಿದ ಪೊಲೀಸರಿಗೆ ಸಲಾಂ ಹೊಡೆಯುತ್ತ ಹೋದರು. ದಾರಿಯಲ್ಲಿ ಒಂದು ಢಾಬಾವೂ ತೆರೆದಿರಲಿಲ್ಲ, ಗುಡಿಸಲ ಮುಂದೆ ನೀರು ಕೇಳಿದರೆ ಜನ ಬಾಗಿಲು ಹಾಕಿಕೊಂಡರು. ವಾಪಸ್ ಬಂದಾಗ ಊರವರು ಅವರನ್ನು ಶಾಲೆಯಲ್ಲಿ ಕ್ವಾರಂಟೈನ್ ಮಾಡಿದರು. ಕಿಟಕಿಯಿಂದಲೇ ನಗುತ್ತ, ಸಾಲಿ ಕಲೀಲಿಲ್ಲ ಅಂತ ಅಲ್ಲಾ ಈಗ ಕೂಡಿಸ್ಯಾನ, ಎಂದರು. ಹೊನ್ನಪ್ಪ ಮಾಲು ಮುಟ್ಟಿದ ದಿನ ಕರೆ ಮಾಡಿ, ಇದನ್ನು ಎಂದೂ ಮರೆಯುವುದಿಲ್ಲ, ಎಂದ. ಅದನ್ನೂ ದಾಟಿಸಿದೆ.

ಮರುವರ್ಷ ನಮ್ಮ ಪಾಳಿ ಬಂತು.

ರೋಗಕ್ಕೆ ಬಡವ ಬಲ್ಲಿದ ಇಲ್ಲ, ಇಡೀ ಜಗತ್ತೇ ಒಂದು ದೋಣಿಯಲ್ಲಿದೆ ಎಂದು ಟೀವಿಯಲ್ಲಿ ದೊಡ್ಡವರು ಹೇಳುತ್ತಿದ್ದರು. ರೋಗ ಒಂದೇ ಇದ್ದಿರಬಹುದು, ಪಾಳಿ ಒಂದೇ ಇರಲಿಲ್ಲ. ನಮ್ಮ ಸರಕಾರಿ ದವಾಖಾನೆಯ ಮುಂದೆ ಜನ ಕೋಳಿ ಕೂಗುವ ಹೊತ್ತಿಗೆ ಚಪ್ಪಲಿ ಸಾಲಿಗಿಟ್ಟು ಕೂತು, ಲಸಿಕೆ ಮುಗಿಯಿತು ಎನ್ನಿಸಿಕೊಂಡು ತಿರುಗಿ ಹೋಗುತ್ತಿದ್ದ ದಿನಗಳವು. ಹೊನ್ನಪ್ಪ ಬಿಳಿ ಅಂಗಿ ಹಾಕಿಕೊಂಡು ಕರೆ ಮಾಡಿದ. ತನಗೆ ಎರಡನೇ ಸೂಜಿಯೂ ಆಯಿತು, ಹೆಂಡತಿ ಮಕ್ಕಳ ಜೊತೆ ಸಮುದ್ರದ ದಂಡೆಗೆ ಹೊರಟಿದ್ದೇನೆ, ಎಂದ. ಖುಷಿಯನ್ನು ಮನೆಯವರ ಮುಂದೆ ಹೇಳಿಕೊಂಡ ಹಾಗೆಯೇ ಹೇಳಿದ, ಅವನಲ್ಲಿ ಕಪಟ ಇರಲಿಲ್ಲ. ನಮಗೆ ಯಾವಾಗ ಸಿಗಬಹುದು ಕೇಳು ಎಂದು ಮೆಹರುನ್ನಿಸಾ ನನ್ನ ಮೊಣಕೈ ತಿವಿದಳು. ಬೇಗ, ಖಂಡಿತ ಬೇಗ, ಎಂದ. ಅವರ ದೇಶಗಳಲ್ಲಿ ಇರುವ ಜನಕ್ಕೆ ಆಗಿ ಮಿಗುವಷ್ಟು ಸೂಜಿಯನ್ನು ಮೊದಲೇ ಕಾದಿರಿಸಿಕೊಂಡಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು. ಅವರು ಮೂರನೆಯದಕ್ಕೆ ತೋಳು ಏರಿಸುವಾಗ ಮೊದಲನೆಯದನ್ನೇ ಕಾಣದ ದೇಶಗಳಿದ್ದವು. ನಮ್ಮಲ್ಲಿ ಒಂದು ಮದುವೆಮನೆಯ ಪಂಕ್ತಿಯಲ್ಲಿ, ಕೊನೆಯವನ ಎಲೆಗೆ ಅನ್ನ ಬೀಳುವ ಮೊದಲೇ ಮೊದಲಿನವನಿಗೆ ಮೂರನೆಯ ಸಲ ಹುಗ್ಗಿ ಬಡಿಸಿದರೆ, ಬಡಿಸಿದವನ ಕೈಯಿಂದ ಸೌಟು ಕಿತ್ತುಕೊಳ್ಳುತ್ತಾರೆ.

ಆ ಮೇ ತಿಂಗಳಲ್ಲಿ ಫಕೀರಸಾಬ ಚಾಚಾಗೆ ಉಸಿರು ಕಟ್ಟಿತು. ಅವರದೇ ಟೆಂಪೋದಲ್ಲಿ ಮಲಗಿಸಿ ಇಂಡಿಗೆ, ಅಲ್ಲಿಂದ ವಿಜಯಪುರಕ್ಕೆ ಒಯ್ದರು. ಎಲ್ಲೂ ಹಾಸಿಗೆ ಇರಲಿಲ್ಲ, ಸಿಲಿಂಡರಿನ ಗಾಳಿ ಇರಲಿಲ್ಲ. ಇನ್ನೊಂದು ಕಡೆ ನೋಡೋಣ ಎಂದು ಗಾಡಿ ತಿರುಗಿಸುವಾಗ ಮೆಹರುನ್ನಿಸಾಳ ತೊಡೆಯ ಮೇಲೆ ಹೋದರು. ಮೂರನೆಯ ದಿನಕ್ಕೆ ಆಕೆ ಕಣಕ್ಕೆ ಬಂದು ಲಿಂಬೆಗೆ ಕೈಯಾಡಿಸುತ್ತ ಕೂತಳು. ಮನೆಗೆ ಹೋಗು ಎಂದರೆ, ಇಲ್ಲಿ ಅಪ್ಪನ ವಾಸನಿ ಐತಿ, ಎಂದಳು.

ಮಾಲು ಸಿದ್ಧವಾಗಿತ್ತು. ಹಿಂದೆಂದಿಗಿಂತ ಹೆಚ್ಚು ಮಾಲು, ಹೊನ್ನಪ್ಪ ಹೆಚ್ಚು ಕೇಳಿದ್ದ. ಚೀಲ ಹೊಲಿದು ಕಣದ ಮೂಲೆಗೆ ಒಟ್ಟಿದೆವು. ಆದರೆ ಹಡಗಿಗೆ ಏರಿಸುವ ದೊಡ್ಡ ಕಬ್ಬಿಣದ ಪೆಟ್ಟಿಗೆ, ಕಂಟೇನರ್ ಅನ್ನುತ್ತಾರಲ್ಲ, ಅದು ಸಿಗಲಿಲ್ಲ. ಮುಂಬಯಿಯ ಏಜೆಂಟನಿಗೆ ಫೋನು ಮಾಡಿ ಮಾಡಿ ಸಾಕಾಯಿತು. ಕೊನೆಗೆ ಒಂದು ದಿನ ಆ ಮನುಷ್ಯ ಮರಾಠಿಯಲ್ಲಿ ಇದ್ದದ್ದನ್ನು ಹೇಳಿಬಿಟ್ಟ. ಅಕ್ಕಾ, ಪೆಟ್ಟಿಗೆ ಇಲ್ಲ ಅಂತಲ್ಲ, ನಿಮಗಿಲ್ಲ. ಚೀನಾದಿಂದ ಅಮೆರಿಕಕ್ಕೆ ಒಂದು ಸಲ ಮಾಲು ಹಾಕಿದರೆ, ನಿಮ್ಮಂಥವರ ಹಲವು ಖೇಪಿನಲ್ಲಿ ಗಿಟ್ಟುವುದು ಹಡಗಿನವರಿಗೆ ಒಂದೇ ಖೇಪಿನಲ್ಲಿ ಗಿಟ್ಟುತ್ತದೆ. ಅಲ್ಲಿಯ ಜನ ಮನೆಯಲ್ಲಿ ಕೂತು ಟೀವಿ, ಸೈಕಲ್ಲು, ಕುರ್ಚಿ ತರಿಸುತ್ತಿದ್ದಾರೆ. ಅದಕ್ಕೇ ಇಲ್ಲಿ ಖಾಲಿಯಾದ ಪೆಟ್ಟಿಗೆಯನ್ನು ತುಂಬುವವರೆಗೂ ಕಾಯುವುದಿಲ್ಲ, ಖಾಲಿಯೇ ಹೇರಿಕೊಂಡು ಚೀನಾಕ್ಕೆ ಓಡುತ್ತಾರೆ.

ಇದನ್ನು ದಾಟಿಸಿದಾಗ ಗುರವ್ವಕ್ಕ ನಂಬಲಿಲ್ಲ. ಇನ್ನೊಮ್ಮೆ ಕೇಳು ಎಂದಳು. ಕೇಳಿದೆ, ಅದೇ ಉತ್ತರ.

"ಖಾಲಿ ಪೆಟಿಗಿ ಹಡಗದಾಗ ಕುಂತು ಹೋಗ್ತಾವು, ತುಂಬಿದ ಚೀಲ ದಂಡಿಮ್ಯಾಲೆ ಕುಂತು ನೋಡ್ತಾವು," ಎಂದಳು. "ಗಾಳಿಗೂ ಟಿಕೀಟ ಐತಿ, ನಮ್ಮ ಲಿಂಬಿಗಿಲ್ಲ."

ಮೆಹರುನ್ನಿಸಾ ಚೀಲಕ್ಕೆ ಒರಗಿ ಕೂತಿದ್ದಳು. "ನಮ್ಮ ಅಪ್ಪಗೂ ಗಾಳಿ ಸಿಗಲಿಲ್ಲಕ್ಕ," ಎಂದಳು.

ಮುಯ್ಯಿ ಕೇಳುವುದು ಗುರವ್ವಕ್ಕನಿಗೆ ಎಂಥ ಕಷ್ಟ ಎಂಬುದು ನಮಗೆ ಗೊತ್ತಿತ್ತು. ಸ್ವಂತ ಮಗಳ ಮದುವೆಯಲ್ಲೂ ಯಾರನ್ನೂ ಕೇಳಿದವಳಲ್ಲ. ಮುಂಗಾರಿನ ಮೋಡ ಕಟ್ಟತೊಡಗಿದಾಗ ಕೊನೆಗೆ ನನ್ನ ಅಂಗಡಿಗೆ ಬಂದು, ಹೊನ್ನಪ್ಪನಿಗೆ ಫೋನು ಹಚ್ಚು, ಎಂದಳು. ನಿನ್ನ ಕಂಪನಿ ದೊಡ್ಡದು, ಹಡಗಿನವರು ನಿನ್ನ ಮಾತು ಕೇಳುತ್ತಾರೆ, ನಮಗೆ ಒಂದು ಪೆಟ್ಟಿಗೆ ಕೊಡಿಸು, ಬಾಡಿಗೆ ಹೆಚ್ಚಾದರೆ ಅರ್ಧ ನಾವು ಹೊರುತ್ತೇವೆ, ಎಂದು ಹೇಳಿಸಿದಳು. ಹೊನ್ನಪ್ಪ, ಮಾತಾಡಿ ನೋಡುತ್ತೇನೆ, ಎಂದ. ಮರುವಾರ ಅವನ ಬದಲು ಆಫೀಸಿನ ಒಬ್ಬ ಹೆಣ್ಣುಮಗಳು ಮಾತಾಡಿದಳು. ಬಂದರು ಮುಟ್ಟಿಸಿ ಹಡಗು ಹತ್ತಿಸುವವರೆಗೂ ಜವಾಬ್ದಾರಿ ನಮ್ಮದೇ ಎಂದು ಕರಾರಿನಲ್ಲಿದೆಯಂತೆ. ಬೇರೆ ದೇಶವೊಂದರಿಂದ ಅವರಿಗೆ ಲಿಂಬೆ ಆಗಲೇ ಬಂದಿದೆಯಂತೆ. ನಮ್ಮ ತೊಂದರೆ ಅವರಿಗೆ ಅರ್ಥವಾಗುತ್ತದಂತೆ. ಅರ್ಥವಾಗುತ್ತದೆ ಎಂಬ ಮಾತನ್ನು ಆಕೆ ಎಷ್ಟು ಮೆತ್ತಗೆ ಹೇಳಿದಳೆಂದರೆ, ದಾಟಿಸುವಾಗ ನನ್ನ ದನಿಯೂ ಮೆತ್ತಗಾಯಿತು. ಅದಕ್ಕೆ ನನ್ನ ಮೇಲೇ ನನಗೆ ಕೆಟ್ಟ ಸಿಟ್ಟು ಬಂತು.

ಮಳೆ ಬಂತು. ತಾಡಪತ್ರಿ ಹೊದಿಸಿದರೂ ಹಸಿ ಒಳಗೆ ಇಳಿಯಿತು. ಗುರವ್ವಕ್ಕ ಚೀಲ ಬಿಚ್ಚಿ ಒಂದು ಲಿಂಬೆ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ. ಇನ್ನೊಂದು, ಮತ್ತೊಂದು. ಒಡೆದರೆ ಒಳಗೆ ಬೂದಿಬಣ್ಣದ ಬೂಷ್ಟು. ಸಾಹುಕಾರರ ತಿಪ್ಪೆಗುಂಡಿಗೆ ಸುರಿದೆವು. ಸುರಿಯಲು ಸಾಹುಕಾರರೂ ಧೋತ್ರ ಎತ್ತಿ ಕಟ್ಟಿ ಬಂದರು. ನಾ ಹೇಳಿದ್ದೆ ಎಂಬ ಮಾತು ಅವರ ತುಟಿಯ ಮೇಲೆಯೇ ಇತ್ತು, ಆದರೆ ಆಡಲಿಲ್ಲ. ಆ ಹುಳಿ ವಾಸನೆ ಊರಿನ ಮೂಗಿನಿಂದ ದೀಪಾವಳಿಯವರೆಗೂ ಹೋಗಲಿಲ್ಲ. ಅದೇ ಹೊತ್ತಿಗೆ ಮೊಬೈಲಿನಲ್ಲಿ ನಾನೊಂದು ಸುದ್ದಿ ಓದಿದೆ. ನಮ್ಮ ಚಹಾ ಕಂಪನಿಗೆ ತನ್ನ ಇತಿಹಾಸದಲ್ಲೇ ಅತಿ ಒಳ್ಳೆಯ ವರ್ಷವಂತೆ ಅದು. ಇನ್ನೆರಡು ಸಣ್ಣ ಕಂಪನಿಗಳನ್ನು ಕೊಂಡಿತ್ತಂತೆ. ಹಡಗಿನವರಿಗೂ ಹಾಗೇ, ಔಷಧದವರಿಗೂ ಹಾಗೇ. ಜಗತ್ತು ರೋಗದಿಂದ ನರಳಿತು ಅನ್ನುತ್ತಾರೆ. ನರಳಿದವರು ಬೇರೆ, ಎದ್ದಾಗ ಮೊದಲಿಗಿಂತ ಎತ್ತರವಾಗಿದ್ದವರು ಬೇರೆ. ಯಾರ ಕೈಯಲ್ಲಿ ಹಡಗಿತ್ತೋ, ಸೂಜಿಯಿತ್ತೋ, ಕಾಯುವ ಶಕ್ತಿ ಇತ್ತೋ ಅವರ ತಕ್ಕಡಿ ಇನ್ನಷ್ಟು ತೂಗಿತು. ನಮ್ಮ ಮುಯ್ಯಿಯೂ ಅವರ ತಕ್ಕಡಿಗೇ ಬಿತ್ತು.

ಪೆಟ್ರೋಲ್ ಪಂಪಿನವರು ಜಾಗ ಅಳೆಯುವ ಟೇಪು ಹಿಡಿದುಕೊಂಡೇ ಬಂದರು. ಕಣ ಖಾಲಿಯಾದರೆ ಮುಗಿಯಿತು ಎಂದು ಗೊತ್ತಿದ್ದ ಗುರವ್ವಕ್ಕ ನಮ್ಮನ್ನು ಒಂದು ದಿನವೂ ಸುಮ್ಮನೆ ಕೂರಲು ಬಿಡಲಿಲ್ಲ. ಶ್ಯಾವಿಗೆ ಹೊಸೆಸಿದಳು, ಹಪ್ಪಳ ಹಾಕಿಸಿದಳು, ಗೊಳಸಂಗಿಯಿಂದ ಮೆಣಸಿನಕಾಯಿ ತರಿಸಿ ಹರವಿದಳು. ಒಂದು ವಾರ ಹರವಲು ಏನೂ ಸಿಗದಾಗ ಊರವರ ಹಾಸಿಗೆ ಕೌದಿಗಳನ್ನೆಲ್ಲ ಹೊರಿಸಿ ತಂದು ಬಿಸಿಲಿಗೆ ಹಾಕಿಸಿದಳು. ಸಾಹುಕಾರರು ನೋಡಿ, ಇದೂ ಸುಗ್ಗಿ ಏನು, ಎಂದರು. ಕೌದಿ ಒಣಾಕತ್ತಾವಲ್ರಿ, ಕಣ ಖಾಲಿ ಎಲ್ಲೈತಿ, ಎಂದಳು ಇವಳು. ಟೇಪಿನವರು ನಗುತ್ತ ಹೋದರು. ಮೆಹರುನ್ನಿಸಾ ಸೊಲ್ಲಾಪುರ, ಕಲಬುರಗಿ, ಹೈದರಾಬಾದಿನ ಬಿರಿಯಾನಿ ಭಟ್ಟರನ್ನು ಹಿಡಿದು, ಒಬ್ಬೊಬ್ಬರಿಗೂ ರುಚಿ ಹತ್ತಿಸಿ, ಒಣ ಲಿಂಬೆಗೆ ಸಣ್ಣದೊಂದು ದಾರಿ ಮಾಡಿದಳು. ನಾಲ್ಕು ವರ್ಷದಲ್ಲಿ ಕಣದ ಮುಕ್ಕಾಲು ಭಾಗ ಮತ್ತೆ ಲಿಂಬೆಯಾಯಿತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಂಪನಿ ವಾಪಸ್ ಬಂತು.

ಮೊದಲು ಪುಣೆಯಿಂದ ಅವರ ಅಧಿಕಾರಿಯೊಬ್ಬ ಬಂದು ಸಾಹುಕಾರರ ಜೊತೆ ಮಾತಾಡಿ ಹೋದ. ಅವರು ಲಿಂಬೆ ತರಿಸುತ್ತಿದ್ದ ಆ ಬೇರೆ ದೇಶದ ಬಂದರು ನಡುವೆ ಮುಚ್ಚಿ ಅವರಿಗೆ ಪೆಟ್ಟು ಬಿದ್ದಿತ್ತಂತೆ. ಇನ್ನೊಂದು ಮಹಾಮಾರಿ ಬಂದರೂ ತಮ್ಮ ಮಾಲು ನಿಲ್ಲಬಾರದು, ಅದಕ್ಕೆ ನಾಲ್ಕು ದೇಶಗಳಲ್ಲಿ ಸ್ವಂತ ಜಾಗ ಇರಬೇಕು ಎಂಬ ಪಾಠ ಕಲಿತಿದ್ದರಂತೆ. ಕಣವನ್ನು ಹತ್ತು ವರ್ಷಕ್ಕೆ ಲೀಜಿಗೆ ಕೊಡಬೇಕು. ಅವರು ಒಣಗಿಸುವ ಮಷೀನು ಇಡುತ್ತಾರೆ. ನಮ್ಮ ಹೆಂಗಸರು ಪಗಾರಕ್ಕೆ ದುಡಿಯಬಹುದು. ಲಿಂಬೆ ಅವರಿಗೆ ಬಿಟ್ಟು ಬೇರೆಯವರಿಗೆ ಹೋಗಬಾರದು. ಸಾಹುಕಾರರಿಗೆ ಆಸೆ ಹತ್ತಿತು, ಯಾರಿಗೆ ಹತ್ತುವುದಿಲ್ಲ? ಈ ಸುಗ್ಗಿಯ ಲಿಂಬೆ ಕುದಿಸುವ ಮೊದಲೇ ಮಾತು ಮುಗಿಸೋಣ ಎಂದು ಒಂದು ಸೋಮವಾರ ಕಣದಲ್ಲಿ ಕುರ್ಚಿ ಹಾಕಿಸಿದರು.

ಅಂದು ಹೆನ್ನಿಂಗನೂ ಬಂದಿದ್ದ. ತಲೆ ನರೆತಿತ್ತು. ಇಳಿದವನೇ ಗುರವ್ವಕ್ಕನ ಕಡೆಗೆ ಕೈಚಾಚಿ ನಕ್ಕ, ಕಿವಿ ಕೆಂಪಾದವು. ಆಕೆ ಕೈ ಮುಗಿದು, ಬರ್ರಿ ಸಾಹೇಬ್ರ, ಎಂದಳು. ಹೊನ್ನಪ್ಪ ಎನ್ನಲಿಲ್ಲ. ದಾಟಿಸಲು ಅದರಲ್ಲಿ ಏನೂ ಇರಲಿಲ್ಲ, ಆದರೆ ಸಂಘದ ಹೆಂಗಸರೆಲ್ಲ ಒಮ್ಮೆ ಸೆರಗು ಸರಿಮಾಡಿಕೊಂಡರು.

ಅಧಿಕಾರಿ ಬಹಳ ಹೊತ್ತು ಮಾತಾಡಿದ. ಕಷ್ಟವನ್ನು ತಾಳಿಕೊಂಡ ನಮ್ಮ ಶಕ್ತಿಯನ್ನು ಹೊಗಳಿದ. ನಮ್ಮಿಂದ ಜಗತ್ತು ಕಲಿಯಬೇಕು ಎಂದ. ಆಮೇಲೆ ಹೆನ್ನಿಂಗ್ ತಾನೇ ಎದ್ದು ಒಂದು ಉಡುಗೊರೆ ಕೊಟ್ಟ. ಹಸಿರು ಬಣ್ಣದ ಚೆಂದದ ತಗಡಿನ ಡಬ್ಬಿ, ತುಂಬ ಚಹಾ. ಡಬ್ಬಿಯ ಮೇಲೆ ಗುರವ್ವಕ್ಕನ ಮುಖ. ಇದೇ ಕಣ, ಅದೇ ಇಳಕಲ್ ಸೀರೆ, ಕಿವಿಯ ಹತ್ತಿರ ಹಿಡಿದ ಲಿಂಬೆ. ಅಂದು ಕ್ಯಾಮೆರಾದಲ್ಲಿ ಹಿಡಿದದ್ದು. ನೋಡಿ, ಈ ಆರು ವರ್ಷವೂ ನೀವು ನಮ್ಮ ಜೊತೆಗೇ ಇದ್ದಿರಿ, ನಮ್ಮ ಜನ ದಿನಾ ಬೆಳಗ್ಗೆ ನಿಮ್ಮ ಮುಖ ನೋಡಿಯೇ ಚಹಾ ಕುಡಿಯುತ್ತಾರೆ, ಎಂದ. ಅವನ ಕಣ್ಣು ನಿಜವಾಗಿಯೂ ತುಂಬಿದ್ದವು.

ಹೆಂಗಸರು ಡಬ್ಬಿಯನ್ನು ಕೈಯಿಂದ ಕೈಗೆ ಕೊಟ್ಟರು. ಮೆಹರುನ್ನಿಸಾ ಮಾತ್ರ ಮುಚ್ಚಳ ತೆಗೆದು ಒಂದು ಸಿಪ್ಪೆಯ ಚೂರು ಬಾಯಿಗೆ ಹಾಕಿಕೊಂಡು ಉಗುಳಿದಳು.

"ಇದು ನಮ್ಮ ಲಿಂಬಿ ಅಲ್ಲಕ್ಕ," ಎಂದಳು. "ನಮ್ದು ತಿಪ್ಪ್ಯಾಗ ಹೋಗಿ ನಾಕ ವರ್ಷಾತು. ಇವ್ರು ಯಾರ್ದೋ ಲಿಂಬಿ ತಂದು ನಿನ್ನ ಮಾರಿ ಹಚ್ಯಾರ."

ಯಾರದೋ ಲಿಂಬೆಗೆ ಅಕ್ಕನ ಮುಖ ಅಂಟಿಸಿದ್ದೀರಿ ಎಂದು ಹೆನ್ನಿಂಗನಿಗೆ ದಾಟಿಸಿದೆ, ಒಂದು ಅಕ್ಷರವನ್ನೂ ಮೆತ್ತಗೆ ಮಾಡಲಿಲ್ಲ. ಅವನು ಅಧಿಕಾರಿಯ ಮುಖ ನೋಡಿದ. ಅಧಿಕಾರಿ, ಅದು ಜಾಹೀರಾತಿನ ವಿಭಾಗದ ವಿಷಯ, ಎಂದ.

ಗುರವ್ವಕ್ಕ ಕುರ್ಚಿಯಲ್ಲಿ ಕೂತವಳಲ್ಲ, ಎಂದಿನಂತೆ ಕಣದ ಕಲ್ಲಿನ ಮೇಲೇ ಕೂತಿದ್ದಳು. ಅಲ್ಲಿಂದಲೇ ಕೇಳಿದಳು. ದನಿ ಎಂದಿಗಿಂತ ಸಣ್ಣದಿತ್ತು.

"ಸಾಹೇಬ್ರ, ಒಂದ ಮಾತ ಕೇಳ್ತೇನಿ. ಮತ್ತ ಅಂಥಾ ಜಡ್ಡ ಬಂತಂದ್ರ ಮೊದಲ ಪಾಳಿ ಯಾರ್ದು? ಪೆಟಿಗಿ ಮೊದಲ ಯಾರಿಗಿ? ಸೂಜಿ ಮೊದಲ ಯಾರಿಗಿ?"

ಅಧಿಕಾರಿ ಕಾಗದ ತಿರುವಿ, ಅಂಥದ್ದಕ್ಕೆಲ್ಲ ಕರಾರಿನಲ್ಲಿ ಒಂದು ಕಲಮು ಇದೆ, ಯಾರ ಕೈಯಲ್ಲೂ ಇಲ್ಲದ ಸಂಗತಿಗಳಿಗೆ ಯಾರೂ ಹೊಣೆಯಲ್ಲ ಎಂದು ಬರೆದಿದೆ, ಎಂದು ವಿವರಿಸಿದ. ಗುರವ್ವಕ್ಕ ಅವನ ಕಡೆ ನೋಡಲೇ ಇಲ್ಲ.

"ಬರಿಯೂದು ಬ್ಯಾಡ್ರಿ. ನಾವ ಬರಕೊಂಡು ಮಾಲ ಕಳಿಸಿದ್ದಿಲ್ಲ. ನಮ್ಮ ಫಕೀರಸಾಬ ಬರಕೊಂಡು ಗಾಡಿ ಹೊಡದಿದ್ದಿಲ್ಲ. ನೀವು ಬಾಯಿಲೆ ಹೇಳ್ರಿ, ಸಾಕು. ನಿಮ್ಮಂದಿ ಪಾಳಿ ಬಂದಾಗ ನಮ್ಮಂದಿ ಪಾಳೀನೂ ಬರತೈತಿ ಅಂತ ಹೇಳ್ರಿ."

ಹೆನ್ನಿಂಗ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಳ್ಳು ಹೇಳಿ ಕಣ ಗೆದ್ದುಕೊಂಡು ಹೋಗುತ್ತಿದ್ದ. ಫಕೀರಸಾಬ ಯಾರು ಎಂದು ನನ್ನನ್ನು ಮೆಲ್ಲಗೆ ಕೇಳಿದ. ಹೇಳಿದೆ. ಹೇಗೆ ಹೋದರು ಎಂಬುದನ್ನೂ ಹೇಳಿದೆ. ತಲೆ ತಗ್ಗಿಸಿ ಕೂತ. ಕೊನೆಗೆ, ಹಾಗೆ ಮಾತು ಕೊಡುವುದು ನನ್ನ ಕೈಯಲ್ಲಿಲ್ಲ, ಎಂದ. ಮುಂಬಯಿಯ ಏಜೆಂಟನ ಕೈಯಲ್ಲೂ ಇರಲಿಲ್ಲ, ಆಫೀಸಿನ ಮೆತ್ತನೆಯ ದನಿಯ ಹೆಣ್ಣುಮಗಳ ಕೈಯಲ್ಲೂ ಇರಲಿಲ್ಲ. ಇಷ್ಟು ದೊಡ್ಡ ಜಗತ್ತಿನ ತಕ್ಕಡಿ ಯಾರ ಕೈಯಲ್ಲೂ ಇಲ್ಲದೆ ಪ್ರತಿ ಸಲ ಅದೇ ಕಡೆಗೆ ಹೇಗೆ ವಾಲುತ್ತದೆ, ನನಗಂತೂ ತಿಳಿದಿಲ್ಲ.

ಗುರವ್ವಕ್ಕ ಎದ್ದಳು. ಡಬ್ಬಿಯನ್ನು ತೆಗೆದುಕೊಂಡು ಅಧಿಕಾರಿಯ ಮುಂದಿನ ಮೇಜಿನ ಮೇಲೆ, ಅವನ ಕಾಗದಗಳ ಮೇಲೆಯೇ, ಚಹಾವನ್ನೆಲ್ಲ ಸುರಿದಳು. ತಳವನ್ನು ಎರಡು ಸಲ ಬಡಿದು ಚೊಕ್ಕ ಮಾಡಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಚಾ ನಿಮ್ದು," ಎಂದಳು. "ಮಾರಿ ನಂದು."

ಅಧಿಕಾರಿ ಸಾಹುಕಾರರ ಕಡೆ ತಿರುಗಿ, ಜಾಗ ನಿಮ್ಮದು, ನಿರ್ಧಾರ ನಿಮ್ಮದು, ಎಂದ ಹಿಂದಿಯಲ್ಲಿ. ಅದು ಸರಿಯೇ. ಶಂಕರೆಪ್ಪ ಸಾಹುಕಾರರು ಬೆರಳಿನ ಉಂಗುರ ತಿರುಗಿಸುತ್ತ ಮೇಜಿನ ಮೇಲಿನ ಚಹಾ ರಾಶಿಯನ್ನು ನೋಡಿದರು, ಆಚೆಗೆ ತಿಪ್ಪೆಗುಂಡಿಯ ಕಡೆ ನೋಡಿದರು. ಆಸೆ ಅವರ ಮುಖದಿಂದ ಇನ್ನೂ ಇಳಿದಿರಲಿಲ್ಲ.

"ಗುರವ್ವಾ, ಈ ಸುಗ್ಗಿಗಿ ಏನ ಹಾಕ್ತಿ?" ಎಂದರು.

"ಲಿಂಬಿರಿ."

"ಯಾವಾಗ?"

"ನಾಳಿ ಕಡಾಯಿ ಇಡ್ತೇನ್ರಿ."

ಸಾಹುಕಾರರು ಅಧಿಕಾರಿಗೆ ಕೈ ಮುಗಿದರು. "ಹಂಗಾರ ಕಣ ಖಾಲಿ ಇಲ್ರಿ ಸಾಹೇಬ್ರ," ಎಂದರು. ಆಮೇಲೆ ನಮ್ಮ ಕಡೆ ತಿರುಗಿ, ಇದು ಈ ಸುಗ್ಗಿಯ ಮಟ್ಟಿಗೆ ಮಾತ್ರ, ಮುಂದಿನ ವರ್ಷದ್ದು ಮುಂದಿನ ವರ್ಷ, ಇಷ್ಟು ದೊಡ್ಡ ಗಿರಾಕಿ ಕಳಕೊಂಡೆ ಎಂದು ಮನೆಯಲ್ಲಿ ಬೈಯುತ್ತಾರೆ, ಎಂದೆಲ್ಲ ಗೊಣಗಿದರು. ಗೊಣಗಲಿ.

ಬಂದವರನ್ನು ಉಪವಾಸ ಕಳಿಸಲಿಲ್ಲ. ರೊಟ್ಟಿ, ಎಣ್ಣಿಗಾಯಿ ಬಡಿಸಿದೆವು. ಹೆನ್ನಿಂಗ್ ಉಂಡ, ಆದರೆ ಹಿಂಡಿ ಬೇಡ ಎಂದ. ಹೋಗುವಾಗ ಅವರ ಗಾಡಿಯಲ್ಲಿದ್ದ ನೀರಿನ ಬಾಟಲಿಗಳನ್ನು ಹೆಂಗಸರಿಗೆ ಹಂಚಲು ಬಂದ ಡ್ರೈವರನಿಗೆ ಗುರವ್ವಕ್ಕ, ಬ್ಯಾಡಪ್ಪ, ನಮಗ ನೀರಡಿಕಿ ಇಲ್ಲ, ಎಂದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಒಬ್ಬರೂ ಬಾಟಲಿ ಮುಟ್ಟಲಿಲ್ಲ.

ಕಂಪನಿಯವರು ಪುಣೆಗೆ ವಾಪಸ್ ಹೋಗಲಿಲ್ಲ. ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಒಂದು ಕಣ ನೋಡಲು ಹೋಗಿದ್ದಾರೆ ಎಂದು ಎರಡು ದಿನ ಬಿಟ್ಟು ಸುದ್ದಿ ಬಂತು. ಅಲ್ಲೂ ಹೆಂಗಸರ ಸಂಘ ಇದೆ, ಅಲ್ಲೂ ಕಣದಲ್ಲಿ ಉಂಡಿದ್ದಾರೆ, ಫೋಟೋ ತೆಗೆದಿದ್ದಾರೆ. ನಮ್ಮ ಕಡಾಯಿ ಆಗ ಕುದಿಯುತ್ತಿತ್ತು. ಗುರವ್ವಕ್ಕ ಸೌಟನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಮೆಹರುನ್ನಿಸಾಗೆ ಟೆಂಪೋ ತೆಗೆ ಎಂದಳು. ಚಾಚಾ ಹೋದ ಮೇಲೆ ಆ ಟೆಂಪೋ ಆಕೆಯೇ ಹೊಡೆಯುತ್ತಾಳೆ. ನಾವು ಮೂವರೂ ಇಂಡಿ ದಾಟಿ, ಸಿಂದಗಿ ದಾಟಿ ಕನ್ನೊಳ್ಳಿ ಮುಟ್ಟಿದಾಗ ಅಲ್ಲಿಯ ಹೆಂಗಸರು ಕಣ ಗುಡಿಸುತ್ತಿದ್ದರು. ಯಾರು ನೀವು ಎಂದು ಕೇಳಿದರು.

ನನಗೆ ದಾಟಿಸುವ ಕೆಲಸ ಇರಲಿಲ್ಲ. ಗುರವ್ವಕ್ಕ ಅವರ ನಡುವೆ ನೆಲದ ಮೇಲೆ ಕೂತು ಡಬ್ಬಿಯನ್ನು ಮುಂದಿಟ್ಟಳು. ಅವರು ಡಬ್ಬಿ ನೋಡಿದರು, ಅವಳ ಮುಖ ನೋಡಿದರು, ಮತ್ತೆ ಡಬ್ಬಿ ನೋಡಿದರು. ಒಬ್ಬಾಕೆ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಏನೂ ಇಲ್ಲಲ್ಲಕ್ಕ ಇದ್ರಾಗ," ಎಂದಳು.

"ಇಲ್ಲವ್ವ," ಎಂದಳು ಗುರವ್ವಕ್ಕ. "ಕುಂದರ್ರಿ, ಹೇಳ್ತೇನಿ."